ದಲ್ಲಾಳಿ ಚಿಕ್ಕಸಿದ್ದ ಕೊಂಡ ಕಂಪ್ಯೂಟರ್

ತಿಗನಾರೆಯ ಚಿಕ್ಕಸಿದ್ದ ದನದ ದಲ್ಲಾಳಿ. ತೆರಕಣಾಂಬಿಯ ಸಂತೆಯಾಗಲಿ, ಘಟ್ಟದ ಕೆಳಗಿನ ಪುಳಿಯಂಪಟ್ಟಿಯ ಸಂತೆಯಾಗಲಿ, ಅವನು ಎತ್ತಿನ ಬಾಯಿ ಬಿಡಿಸಿ ಹಲ್ಲು ನೋಡಿ, ಬೆನ್ನಿನ ಮೇಲೆ ಒಮ್ಮೆ ಕೈಯಾಡಿಸಿ, ಹತ್ತು ಹೆಜ್ಜೆ ನಡೆಸಿದನೆಂದರೆ ಆ ಎತ್ತಿನ ಜಾತಕವೆಲ್ಲ ಅವನ ನಾಲಿಗೆಯ ಮೇಲಿರುತ್ತಿತ್ತು. ಎರಡು ಹಲ್ಲಿನದಾದರೆ ಎಳೆಯದು, ನಾಲ್ಕು ಹಲ್ಲಿನದಾದರೆ ದುಡಿಯುವ ಪ್ರಾಯದ್ದು, ಹಲ್ಲೆಲ್ಲ ಬಂದು ಬಾಯಿ ಕೂಡಿದ್ದಾದರೆ ಇನ್ನು ಹೆಚ್ಚು ದಿನದ್ದಲ್ಲ. ಈ ಲೆಕ್ಕದಲ್ಲಿ ಅವನು ಎಡವಿದ್ದನ್ನು ಯಾರೂ ಕಂಡಿರಲಿಲ್ಲ. ಅದು ಅವನಿಗೂ ಚೆನ್ನಾಗಿ ಗೊತ್ತಿತ್ತು, ಸ್ವಲ್ಪ ಹೆಚ್ಚಾಗಿಯೇ ಗೊತ್ತಿತ್ತು.

ಅವನಿಗೆ ಎರಡು ನೇಮಗಳಿದ್ದವು. ಒಂದು, ಕೊಳ್ಳುವವನನ್ನು ಸಂತೆಗೆ ಕರೆದುಕೊಂಡು ಹೋಗುತ್ತಿರಲಿಲ್ಲ. ಎತ್ತು ಮನಸ್ಸಿಗೆ ಹಿಡಿಸಿದರೆ ಅದು ಕೊಳ್ಳುವವನ ಮುಖದಲ್ಲಿ ಕಾಣುತ್ತದೆ, ಮುಖ ಕಂಡ ಮೇಲೆ ಮಾರುವವನು ಬೆಲೆ ಇಳಿಸುತ್ತಾನೆಯೇ? "ನೀವು ಮನೇಲಿರಿ, ನಾನು ಇಡ್ಕಂಡ್ ಬತ್ತೀನಿ" ಎಂದು ಹೇಳಿ ಒಬ್ಬನೇ ಹೊರಡುತ್ತಿದ್ದ. ಇನ್ನೊಂದು, ಟವಲ್ಲಿನ ಕೆಳಗೆ ಬೆರಳು ಹಿಡಿದು ಬೆಲೆ ಕುದುರಿಸಿ, ಹಗ್ಗ ಒಬ್ಬರ ಕೈಯಿಂದ ಇನ್ನೊಬ್ಬರ ಕೈಗೆ ಹೋದ ಮೇಲೆ ಎತ್ತು ವಾಪಸು ಬರುವಂತಿಲ್ಲ. ಗೆಟ್ಟವಾಡಿಯ ಮಹದೇವಸ್ವಾಮಿ ಎಂಬ ಒಕ್ಕಲಿನವನು ಒಮ್ಮೆ, ನೊಗಕ್ಕೆ ಕಟ್ಟಿದರೆ ಕೂತುಬಿಡುತ್ತದೆ ಎಂದು ಎತ್ತೊಂದನ್ನು ತಿಗನಾರೆಯವರೆಗೆ ಹೊಡೆದುಕೊಂಡು ಬಂದಿದ್ದ. ಚಿಕ್ಕಸಿದ್ದ ಊರ ಬಾಗಿಲಲ್ಲೇ ಅಡ್ಡ ನಿಂತು ಅವನನ್ನು ಹಿಂದಕ್ಕೆ ಕಳಿಸಿದ. ಹಗ್ಗ ಕೈ ಬದಲಾದ ಮೇಲೆ ಅದು ನಿಮ್ಮ ಮನೆಯ ಮಗನಿದ್ದ ಹಾಗೆ, ಮಗನನ್ನು ಯಾರಾದರೂ ವಾಪಸು ತರುತ್ತಾರೆಯೇ ಎಂದು ಕೇಳಿದ. ಆ ಮಾತು ಸುತ್ತಲ ಊರುಗಳಲ್ಲಿ ಓಡಾಡಿತು. ಸಿದ್ದನ ಮಾತೆಂದರೆ ಮಾತು ಎಂದು ಮಾರುವವರೆಲ್ಲ ಅವನನ್ನೇ ಹುಡುಕಿಕೊಂಡು ಬರತೊಡಗಿದರು.

ಆದರೆ ಎತ್ತುಗಳ ಕಾಲವೇ ಇಳಿಮುಖವಾಗಿತ್ತು. ಮೊದಲು ದೊಡ್ಡ ಹೊಲದವರು ಟ್ರ್ಯಾಕ್ಟರ್ ತಂದರು, ಆಮೇಲೆ ಸಣ್ಣ ಹೊಲದವರೂ ಅದನ್ನೇ ಬಾಡಿಗೆಗೆ ಕರೆದರು. ಸಂತೆಗೆ ಹೋದ ಚಿಕ್ಕಸಿದ್ದ ಎಷ್ಟೋ ವಾರ ಟವಲ್ ಕೊಡವಿಕೊಂಡು ಬರಿಗೈಯಲ್ಲಿ ಬರುತ್ತಿದ್ದ. ಹೆಂಡತಿ ಚಿಕ್ಕಬಸಮ್ಮ ಕೂಲಿಗೆ ಹೋಗಿ ಮನೆ ತೂಗಿಸುತ್ತಿದ್ದಳು. 2007ರ ದೀಪಾವಳಿ ಹತ್ತಿರ ಬಂದಾಗ, ಘಟ್ಟದ ಕೆಳಗಿನ ತಮಿಳು ಸೀಮೆಯ ನೂಲಿನ ಮಿಲ್ಲಿಗೆ ಹುಡುಗಿಯರನ್ನು ಸೇರಿಸುವ ಏಜೆಂಟು ಊರಿಗೆ ಬಂದ. ಚಿಕ್ಕಬಸಮ್ಮ ಗಂಡನನ್ನು ಕೇಳದೆ, ಮಗಳು ಪರಿಮಳಳನ್ನು ಕಳಿಸುತ್ತೇನೆ ಎಂದು ಮಾತು ಕೊಟ್ಟಳು. ಮೂರು ವರ್ಷ ಮಿಲ್ಲಿನ ಹಾಸ್ಟೆಲ್ಲಿನಲ್ಲೇ ಇರಬೇಕು, ಊರಿಗೆ ಬಿಡುವುದು ಹಬ್ಬಕ್ಕೆ ಮಾತ್ರ. ಹಾಗೆ ಹೋಗಿ ಬಂದ ಹುಡುಗಿಯರು ಗೋಡೆಗೊರಗಿ ಕೂತು ಕೆಮ್ಮುವುದನ್ನು ಚಿಕ್ಕಸಿದ್ದ ನೋಡಿದ್ದ. ಚಿಕ್ಕಬಸಮ್ಮನೂ ನೋಡಿದ್ದಳು. ನೋಡಿಯೂ ಮಾತು ಕೊಟ್ಟಿದ್ದಳು ಎಂದರೆ ಒಲೆಯ ಮುಂದೆ ಅವಳು ಎಷ್ಟು ದಿನ ಸುಮ್ಮನೆ ಕೂತಿರಬೇಕು, ಅದನ್ನು ಯೋಚಿಸುವ ಧೈರ್ಯ ಚಿಕ್ಕಸಿದ್ದನಿಗಿರಲಿಲ್ಲ.

ಪರಿಮಳ ಪ್ಲಸ್ ಟೂ ಮುಗಿಸಿ ತಾಳವಾಡಿಯಲ್ಲಿ ಕಂಪ್ಯೂಟರ್ ಕಲಿತವಳು. ಬಿಡುವಿನಲ್ಲಿ ಅಲ್ಲಿನ ಶಿವಶಂಕರಪ್ಪನ ಫೋಟೋ ಸ್ಟುಡಿಯೋದಲ್ಲಿ ಕೂತು ಮದುವೆಯ ಆಲ್ಬಮ್ ಜೋಡಿಸುವುದನ್ನೂ ಕಲಿತಿದ್ದಳು. ಕೈ ಚುರುಕು. ಹೆಣ್ಣಿನ ಕಡೆಯವರ ಮುಖ ಕತ್ತಲಾಗದಂತೆ, ಗಂಡಿನ ಕಡೆಯವರ ಮುಖ ಸುಣ್ಣ ಬಳಿದಂತಾಗದಂತೆ ಬಣ್ಣ ಸರಿದೂಗಿಸುವುದು ಅವಳಿಗೆ ಚೆನ್ನಾಗಿ ಬರುತ್ತಿತ್ತು.

ಶಿವಶಂಕರಪ್ಪನ ಕಥೆ ಬೇರೆ. ಅವನ ಸ್ಟುಡಿಯೋದ ಹಿಂದಿನ ಕೋಣೆಯಲ್ಲಿ ಸತ್ತ ಕಂಪ್ಯೂಟರುಗಳ ಗುಡ್ಡೆಯೇ ಇತ್ತು. ಪೆಂಟಿಯಂ ತ್ರೀ ತಂದ, ಇನ್ನೂ ಹೊಸ ವಾಸನೆ ಹೋಗುವ ಮುಂಚೆ ಅದು ಹಳೆಯದಾಯಿತು ಎಂದರು. ಸೆಲೆರಾನ್ ತಂದ, ಅದೂ ಪೆಂಟಿಯಮ್ಮಿನ ತಮ್ಮನೇ ಎಂದು ಯಾರೋ ನಂಬಿಸಿದ್ದರು. ಆ ತಮ್ಮ ಒಂದು ಫೋಟೋ ತೆರೆಯುವಷ್ಟರಲ್ಲಿ ಹೋಗಿ ಟೀ ಕುಡಿದು ಬರಬಹುದಿತ್ತು. ಆಮೇಲೆ ಪೆಂಟಿಯಂ ಫೋರ್ ಬಂತು. ಈಗ ಮದುವೆಯವರೆಲ್ಲ ಪುಟದ ತುಂಬ ಹೂವು, ಮೋಡ, ಅರಮನೆ ಇರುವ ಡಿಜಿಟಲ್ ಆಲ್ಬಮ್ಮೇ ಬೇಕೆನ್ನುತ್ತಿದ್ದರು, ಪೆಂಟಿಯಂ ಫೋರ್ ಮಂಡಿಯೂರಿ ಕೂತಿತ್ತು. ಇನ್ನು ಮೇಲೆ ಕಂಪ್ಯೂಟರಿಗೆ ಸ್ವಂತ ದುಡ್ಡು ಹಾಕುವುದಿಲ್ಲ ಎಂದು ಅವನು ಹೆಂಡತಿಯ ಮುಂದೆ ಆಣೆ ಮಾಡಿಬಿಟ್ಟಿದ್ದ.

"ನೀನೇ ಒಂದು ತಂದ್ಬುಡು ಪರಿಮಳ. ಇಂದ್ಗಡ ರೂಮ್‌ನಲ್ಲಿ ಇಟ್ಕ. ಆಲ್ಬಮ್ ಕೆಲ್ಸ ಪೂರ್ತಿ ನಿನ್ದೇ" ಎಂದ. "ಆದ್ರ ಕೋರ್ ಟೂ ಡ್ಯುಯೋನೇ ಆಗಿರ್ಬೇಕು. ಅದ್ರ ಅಣ್ಣ, ತಮ್ಮ, ಬಾವಮೈದ ಯಾವ್ದೂ ಬ್ಯಾಡ."

ಪರಿಮಳ ಮನೆಗೆ ಬಂದು ಹೇಳಿದಾಗ ಚಿಕ್ಕಬಸಮ್ಮ ಒಂದು ಷರತ್ತು ಹಾಕಿದಳು. ಸ್ಟುಡಿಯೋ ಕೆಲಸ ಗಟ್ಟಿಯಾದರೆ ಸರಿ, ಏಜೆಂಟಿಗೆ ಬೇಡವೆಂದು ನಾನೇ ಹೇಳುತ್ತೇನೆ. ಇಲ್ಲದಿದ್ದರೆ ದೀಪಾವಳಿ ಕಳೆದ ಬುಧವಾರ ವ್ಯಾನು ಬರುತ್ತದೆ, ಹತ್ತಬೇಕು. ಪರಿಮಳ ಹೂಂ ಎಂದಳು. ಚಿಕ್ಕಸಿದ್ದನ ಎದೆಯ ಮೇಲಿನ ಕಲ್ಲು ಇಳಿದಂತಾಯಿತು. ಸಂತೆಯಲ್ಲಿ ದುಡಿದು ಉಳಿಸಿದ್ದನ್ನೆಲ್ಲ ಸೊಂಟಕ್ಕೆ ಕಟ್ಟಿಕೊಂಡು ಹಬ್ಬದ ವಾರವೇ ಚಾಮರಾಜನಗರಕ್ಕೆ ಹೊರಟು ನಿಂತ.

"ಅಪ್ಪ, ನಾನೂ ಬತ್ತೀನಿ. ಹೆಸ್ರೆಲ್ಲ ಒಂದ್ರಂಗ ಒಂದ್ ಅವ" ಎಂದಳು ಪರಿಮಳ.

"ಯೆಸ್ರ ನನ್ಗ ಬಾಯಿಪಾಠ ಮಾಡ್ಸು, ಸಾಕು. ನಿನ್ನ ಮೊಕ ನೋಡುದ್ರ ಅಂಗಡಿಯಂವ ಬೆಲೆ ಏರಿಸ್ಬುಡ್ತಾನ."

ಅವಳು ಎಷ್ಟು ಹೇಳಿದರೂ ಕೇಳಲಿಲ್ಲ. ಬಸ್ಸಿನಲ್ಲಿ ಕೂತು ದಾರಿಯುದ್ದಕ್ಕೂ ಕೋರ್ ಟೂ ಡ್ಯುಯೋ, ಕೋರ್ ಟೂ ಡ್ಯುಯೋ ಎಂದು ಜಪಿಸುತ್ತ ಹೋದ.

ಅಂಗಡಿಯವನು ಕನ್ನಡಕದ ಸಣಕಲು ಮನುಷ್ಯ. ಚಿಕ್ಕಸಿದ್ದ ಹೆಸರು ಹೇಳಿದೊಡನೆ ಕಂಪ್ಯೂಟರಿನೊಳಗೆ ಕೂರುವ ಬಿಲ್ಲೆಯ ಎರಡು ಪುಟ್ಟ ಡಬ್ಬಿಗಳನ್ನು ತಂದು ಗಾಜಿನ ಮೇಲಿಟ್ಟ.

"ಇದು ನೀವು ಹೇಳಿದ ಕೋರ್ ಟೂ ಡ್ಯುಯೋ. ಇದು ಡ್ಯುಯಲ್ ಕೋರ್. ಅದರಲ್ಲೂ ಎರಡು ಕೋರು, ಇದರಲ್ಲೂ ಎರಡು ಕೋರು."

"ಕೋರು ಅಂದ್ರ?"

"ಒಂದು ನೊಗಕ್ಕೆ ಎರಡು ಎತ್ತು ಕಟ್ಟಿದ ಹಾಗೆ ಅಂದ್ಕೊಳ್ಳಿ."

ಚಿಕ್ಕಸಿದ್ದನ ಬೆನ್ನು ನೆಟ್ಟಗಾಯಿತು. ಇದು ಅವನ ಸಂತೆ. "ಓಟ ಎಂಗೆ?"

"ಎರಡರದ್ದೂ ಒಂದೇ, ಒನ್ ಪಾಯಿಂಟ್ ಎಯ್ಟ್."

"ವಯಸ್ಸು?"

ಅಂಗಡಿಯವನಿಗೆ ನಗು ಬಂತು. "ಕೋರ್ ಟೂ ಡ್ಯುಯೋ ಹೋದ ವರ್ಷದಿಂದ ಇದೆ. ಡ್ಯುಯಲ್ ಕೋರ್ ಈ ವರ್ಷ ಬಂದದ್ದು. ಬೆಲೆಯೂ ಕಮ್ಮಿ. ಆದರೆ ಕೆಲಸದಲ್ಲಿ ಸ್ವಲ್ಪ ವ್ಯತ್ಯಾಸ ಇದೆ ಯಜಮಾನ್ರೆ, ಒಳಗಡೆ ಕ್ಯಾಶ್ ಅಂತ…"

ಉಳಿದದ್ದು ಚಿಕ್ಕಸಿದ್ದನ ಕಿವಿಗೆ ಬೀಳಲಿಲ್ಲ. ಎತ್ತಿನ ಸಂಖ್ಯೆ ಒಂದೇ, ಓಟ ಒಂದೇ, ಪ್ರಾಯದಲ್ಲಿ ಎಳೆಯದು, ಬೆಲೆ ಇಳಿದದ್ದು. ಇಂಥದನ್ನು ಬಿಟ್ಟು ಹೋದ ವರ್ಷದ್ದನ್ನು ಕಟ್ಟಿಕೊಂಡು ಹೋಗುವ ದಲ್ಲಾಳಿ ಇನ್ನೂ ಹುಟ್ಟಿಲ್ಲ. ಈ ಸಣಕಲ ತನ್ನ ಹಳೆಯ ಮಾಲನ್ನು ದಾಟಿಸಲು ವ್ಯತ್ಯಾಸ, ವ್ಯತ್ಯಾಸ ಎನ್ನುತ್ತಿದ್ದಾನೆ. ಸ್ಟುಡಿಯೋದವನಿಗೆ ಹೊಸದು ಬಂದಿರುವ ಸುದ್ದಿಯೇ ಗೊತ್ತಿರಲಿಕ್ಕಿಲ್ಲ. ಹೀಗೆಲ್ಲ ಮನಸ್ಸಿನಲ್ಲೇ ತೀರ್ಮಾನ ಮಾಡಿ, ಮುಖದಲ್ಲಿ ಏನೂ ತೋರಿಸದೆ, ಎಳೆಯದರ ಡಬ್ಬಿಯ ಮೇಲೆ ಬೆರಳಿಟ್ಟ. ಅಂಗಡಿಯವನು ಅದನ್ನು ಕಂಪ್ಯೂಟರಿನ ಪೆಟ್ಟಿಗೆಯೊಳಗೆ ಜೋಡಿಸಿ ಕೊಟ್ಟ.

"ಬೇರೆದು ಬೇಕಾದ್ರೆ ಎಂಟು ದಿನದೊಳಗೆ ತನ್ನಿ, ಬದಲಾಯಿಸಿ ಕೊಡ್ತೀವಿ" ಎಂದ.

"ನಾವು ತಕ್ಕಂಡ್ ಓದ್ದ ವಾಪಸ್ ತರೋ ಜನ ಅಲ್ಲ" ಎಂದ ಚಿಕ್ಕಸಿದ್ದ, ಬೈಸಿಕೊಂಡವನ ದನಿಯಲ್ಲಿ.

ಮರುದಿನ ಶನಿವಾರ. ಅಪ್ಪ, ಮಗಳು ಪೆಟ್ಟಿಗೆಯನ್ನು ಸ್ಟುಡಿಯೋಕ್ಕೆ ಹೊತ್ತುಕೊಂಡು ಹೋದರು. ಪರಿಮಳ ವೈರುಗಳನ್ನು ಜೋಡಿಸಿ ಶುರು ಮಾಡಿದಳು. ಶಿವಶಂಕರಪ್ಪ ಅವಳ ಕೈಯಿಂದ ಮೌಸ್ ತೆಗೆದುಕೊಂಡು ತಾನೇ ಏನೋ ಒತ್ತಿ, ತೆರೆಯ ಮೇಲೆ ಮೂಡಿದ ಅಕ್ಷರಗಳನ್ನು ಬಗ್ಗಿ ಓದಿದ. ಓದುತ್ತ ಓದುತ್ತ ಅವನ ಮುಖ ಕಪ್ಪಿಟ್ಟಿತು.

"ಪೆಂಟಿಯಂ ಡ್ಯುಯಲ್ ಅಂತ ಅದ. ಪೆಂಟಿಯಂ! ಸಿದ್ದ, ನಾನು ಯಾನ ಯೋಳಿದ್ದೆ?"

"ಕೋರ್ ಟೂ ಡ್ಯುಯೋ ಅಂದಿದ್ರಿ ಬುದ್ದಿ. ಇದು ಅದ್ಕಿಂತ ಎಳೇದು. ಈ ವರ್ಷದ್ದು."

ಪರಿಮಳ ಅಪ್ಪನ ಕಡೆ ತಿರುಗಿ ನೋಡಿದಳು. ತಾನು ಕೊಂಡದ್ದು ತಪ್ಪು ಎಂದು ಆ ನೋಟದಲ್ಲೇ ಅವನಿಗೆ ಗೊತ್ತಾಯಿತು, ಹೇಗೆ ತಪ್ಪು ಎಂಬುದು ಮಾತ್ರ ತಿಳಿಯಲಿಲ್ಲ.

ಅವಳು ತಿಳಿಸಿ ಹೇಳಿದಳು. ಇದು ಆಮೇಲೆ ಬಂದದ್ದು ನಿಜ, ಆದರೆ ಬೆಲೆ ಇಳಿಸಬೇಕೆಂದು ಕ್ಯಾಶ್ ಎಂಬ ಒಳಗಿನ ಜಾಗ ಕಡಿಮೆ ಮಾಡಿ ಮಾಡಿದ್ದು. ಪೆಂಟಿಯಂ ಎಂದು ಕರೆದರೂ ಹಳೆಯ ಪೆಂಟಿಯಂ ಅಲ್ಲ, ಡ್ಯುಯಲ್ ಕೋರ್ ಎಂದು ಕರೆದರೂ ಕೋರ್ ಟೂ ಡ್ಯುಯೋ ಅಲ್ಲ. ಚಿಕ್ಕಸಿದ್ದನಿಗೆ ತಲೆ ಗಿರ್ರೆಂದಿತು. ಆಮೇಲೆ ಹುಟ್ಟಿದ್ದು ಮೊದಲು ಹುಟ್ಟಿದ್ದಕ್ಕಿಂತ ಸೋತದ್ದಾಗಿರುತ್ತದೆ ಎಂದರೆ ಯಾವ ಹಲ್ಲು ನೋಡಿ ಕೊಳ್ಳಬೇಕು?

"ಸಾರ್, ಇದೂ ಕೆಲ್ಸ ಮಾಡ್ತದ. ಸ್ವಲ್ಪ ನಿಧಾನ, ಅಷ್ಟೆ" ಎಂದಳು ಪರಿಮಳ ಶಿವಶಂಕರಪ್ಪನಿಗೆ.

"ಸೆಲೆರಾನ್ ತಲೆಗ ಕಟ್ದೋರೂ ಇದೇ ಮಾತಂದಿದ್ರು ಕಣವ್ವ. ಸ್ವಲ್ಪ ನಿಧಾನ, ಅಷ್ಟೆ ಅಂತ." ಅವನಿಗೆ ಸಿಟ್ಟಿಗಿಂತ ಹೆಚ್ಚಾಗಿ ಭಯವಿತ್ತು. ಕಾರ್ತಿಕದ ಮದುವೆಗಳು ಶುರುವಾಗಿದ್ದವು. "ಚಾಮ್ರಾಜನಗರದಲ್ಲಿ ಒಬ್ಬ ಅವ್ನೆ, ಅವನ್ತಾವು ಕೋರ್ ಟೂ ಡ್ಯುಯೋ ಅದ. ಬುಧ್ವಾರ ಬಾ ಅಂದೀನಿ. ಬುಧ್ವಾರದೊಳಗ ಇದ ಬದ್ಲಾಯಿಸ್ಕ ಬಂದ್ರ ಕೆಲ್ಸ ನಿನ್ದು, ಇಲ್ದಿದ್ರ ಅವನ್ದು."

ಬುಧವಾರವೇ ವ್ಯಾನು ಬರುವ ದಿನ. ಅಪ್ಪ, ಮಗಳು ಇಬ್ಬರಿಗೂ ಅದೇ ನೆನಪಾಯಿತು.

ಪೆಟ್ಟಿಗೆಯನ್ನು ಮತ್ತೆ ಹೊತ್ತು ತಂದು ಬಸ್ಸಿಗೆ ಕಾಯುವಾಗ ಪರಿಮಳ ಹೇಳಿದಳು, "ನಾಳೆಕೇ ಓಗಿ ಬದ್ಲಾಯಿಸ್ಕ ಬರವ ಅಪ್ಪ."

"ನಾನು ಬರಾಕಿಲ್ಲ."

"ಅಂಗಡಿಯವ್ರೇ ತನ್ನಿ ಅಂದವ್ರಂತಲ್ಲ, ನೀನೇ ಯೋಳ್ದೆ."

"ಅಂದ್ರು. ನಾನೂ ತರಾಕಿಲ್ಲ ಅಂದೆ. ಆಡುದ್ ಮಾತ ನುಂಗಿ ಆ ಸಣಕಲನ ಮುಂದ ನಿಂತ್ಕಳನಾ?"

ಇದು ಬರಿಯ ಹಟವಲ್ಲ. ಹಟವಾಗಿದ್ದರೆ ಮಗಳ ಮುಖ ನೋಡಿದರೆ ಕರಗುತ್ತಿತ್ತು. ಆಯುಷ್ಯವೆಲ್ಲ ಅವನು ತಿಂದ ಅನ್ನ ಆ ಒಂದು ಮಾತಿನದು. ಎತ್ತು ಕುಂಟಿದರೂ ಹಾಯ್ದರೂ ವಾಪಸಿಲ್ಲ ಎಂದು ಎಷ್ಟೋ ಜನರನ್ನು ಹಿಂದಕ್ಕೆ ಕಳಿಸಿದವನು, ಈಗ ಪೆಟ್ಟಿಗೆ ಹೊತ್ತುಕೊಂಡು ನಾನೇ ತಪ್ಪು ಮಾಲು ಹಿಡಿದೆ ಎಂದು ನಿಂತರೆ, ನಾಳೆ ಸಂತೆಯಲ್ಲಿ ಟವಲ್ ಹಾಸಲು ಯಾವ ಮುಖ ಉಳಿಯುತ್ತದೆ? ಅವನು ಹೀಗೆಯೇ ಯೋಚಿಸಿದ. ಸ್ಟುಡಿಯೋದವನ ಮನಸ್ಸು ತಿರುಗಬಹುದು, ಚಾಮರಾಜನಗರದವನು ಬರದೆಯೇ ಇರಬಹುದು ಎಂದು ಆಸೆಯನ್ನೂ ಪಟ್ಟ. ಆಸೆ ಪಡುವುದು ಪೆಟ್ಟಿಗೆ ಹೊರುವುದಕ್ಕಿಂತ ಸುಲಭವಾಗಿತ್ತು.

ಊರಲ್ಲಿ ಸುದ್ದಿ ಹರಡಲು ಹೆಚ್ಚು ಹೊತ್ತು ಬೇಕಾಗಲಿಲ್ಲ. ಭಾನುವಾರ ಟೀ ಅಂಗಡಿಯ ಮುಂದೆ ಮಾದೇವ ಎಂಬ ಊರಿನ ಓರಗೆಯವನು ಕೇಳಿದ, "ಸಿದ್ದಣ್ಣ, ನಿನ್ನ ಕಂಪ್ಯೂಟ್ರು ನೊಗದಲ್ಲಿ ಕೂತ್ಕಂಬುಡ್ತಂತಲ್ಲ. ಗೆಟ್ಟವಾಡಿಯೋರ್ಗ ಮಾರ್ಬುಡು."

ಎಲ್ಲರೂ ನಕ್ಕರು. ಚಿಕ್ಕಸಿದ್ದನೂ ನಕ್ಕ. ಅರ್ಧ ಲೋಟ ಟೀ ಅಲ್ಲೇ ಬಿಟ್ಟು ಎದ್ದ. ಆ ನಗುವಿನಿಂದ ಅವನ ಪಟ್ಟು ಇನ್ನಷ್ಟು ಬಿಗಿಯಾಯಿತು.

ಸೋಮವಾರ ಪರಿಮಳ ಇನ್ನೊಮ್ಮೆ ಕೇಳಿದಳು. ಬಿಲ್ಲು ಕೊಡು, ನಾನೇ ಪೆಟ್ಟಿಗೆ ಹೊತ್ತುಕೊಂಡು ಹೋಗುತ್ತೇನೆ ಎಂದಳು. ನೀನು ಹೋದರೂ ಅದು ನನ್ನ ಮಾಲೇ, ಹೋದದ್ದು ನಾನೇ ಎಂದಾಗುತ್ತದೆ ಎಂದ. ಮಂಗಳವಾರ ಅವಳು ಏನೂ ಕೇಳಲಿಲ್ಲ. ಅಟ್ಟದ ಮೇಲಿದ್ದ ಟ್ರಂಕು ಇಳಿಸಿ, ಒದ್ದೆ ಬಟ್ಟೆಯಲ್ಲಿ ಒರೆಸಿ, ಬಟ್ಟೆ ಮಡಿಸಿಟ್ಟಳು. ಚಿಕ್ಕಬಸಮ್ಮ ಅವಳ ಹಿಂದೆ ಮುಂದೆ ಓಡಾಡಿ ಉಪ್ಪಿನಕಾಯಿ, ಎಣ್ಣೆಶೀಸೆ, ಒಂದು ದುಪ್ಪಟಿ ತಂದಿಟ್ಟಳು. ಗಂಡನ ಕಡೆ ತಿರುಗಿ ಸಹ ನೋಡಲಿಲ್ಲ. ಚಿಕ್ಕಸಿದ್ದ ಜಗಲಿಯ ಮೇಲೆ ಕೂತು ಬೀಡಿಯ ಮೇಲೆ ಬೀಡಿ ಹಚ್ಚಿದ. ಒಳಗೆ ಟ್ರಂಕಿನ ಮುಚ್ಚಳ ಹಾಕಿದ ಸದ್ದು ಕೇಳಿಸಿತು.

ಬುಧವಾರ ಬೆಳಿಗ್ಗೆ ಪರಿಮಳ ಸ್ನಾನ ಮಾಡಿ, ಹಬ್ಬಕ್ಕೆ ತಂದ ಚೂಡಿದಾರ ಹಾಕಿಕೊಂಡು ಜಗಲಿಗೆ ಬಂದಳು. ಬಗ್ಗಿ ಅಪ್ಪನ ಕಾಲು ಮುಟ್ಟಿದಳು.

"ಬತ್ತೀನಿ ಅಪ್ಪ."

"ಮೂರು ವರ್ಷ ಕಣ್ಮುಚ್ಚಿ ಬುಡೋದ್ರೊಳಗ ಕಳ್ದೋಯ್ತದ ಕೂಸು. ಆಮೇಲ ನಾನೇ ಬಂದು ಕರ್ಕ ಬತ್ತೀನಿ" ಎಂದ ಚಿಕ್ಕಸಿದ್ದ.

"ಬರ್ಬ್ಯಾಡ. ಹಗ್ಗ ಕೈ ಬದ್ಲಾಯ್ತು ಅಂತ ತಿಳ್ಕ" ಎಂದಳು ಪರಿಮಳ. ದನಿ ಏರಿಸಲಿಲ್ಲ, ಅಳಲಿಲ್ಲ. ಟ್ರಂಕಿನ ಒಂದು ಹಿಡಿ ತಾನು, ಇನ್ನೊಂದು ಹಿಡಿ ಅವ್ವ ಹಿಡಿದುಕೊಂಡು ಬಸ್ ನಿಲ್ದಾಣದ ಕಡೆ ನಡೆದುಬಿಟ್ಟರು.

ಚಿಕ್ಕಸಿದ್ದ ಕೂತಲ್ಲೇ ಕೂತಿದ್ದ. ಎಷ್ಟೋ ಕೊಟ್ಟಿಗೆಗಳಲ್ಲಿ ಅವನು ಆಡಿದ ಮಾತು ಅದು. ಅದನ್ನು ಕೇಳಿಸಿಕೊಂಡವರಿಗೆ ಹೇಗಾಗಿರಬಹುದೆಂದು ಅವನು ಒಂದು ದಿನವೂ ಕೇಳಿಕೊಂಡಿರಲಿಲ್ಲ. ಎದ್ದು ಒಳಗೆ ಹೋದ. ಮೂಲೆಯಲ್ಲಿದ್ದ ಪೆಟ್ಟಿಗೆಯನ್ನು ಎಳೆದು, ಟವಲ್ಲನ್ನು ಸಿಂಬೆ ಸುತ್ತಿ ತಲೆಯ ಮೇಲಿಟ್ಟು, ಅದರ ಮೇಲೆ ಪೆಟ್ಟಿಗೆ ಹೊತ್ತುಕೊಂಡು ಬೀದಿಗಿಳಿದ.

ಟೀ ಅಂಗಡಿಯ ಮುಂದೆ ಮಾದೇವ ಕೂತಿದ್ದ, ಅವನ ಜೊತೆ ಇನ್ನೂ ಮೂರು ನಾಲ್ಕು ಜನ. "ಎಲ್ಗ ಸಿದ್ದಣ್ಣ, ಪೆಟ್ಗೆ ಒತ್ಕಂಡು?"

ಚಿಕ್ಕಸಿದ್ದ ನಿಂತ. ಸುಮ್ಮನೆ ಹೋಗಿಬಿಡಬಹುದಿತ್ತು. "ವಾಪಸ್ ಕೊಡಕ ಓಯ್ತಾವ್ನಿ. ತಪ್ಪು ಮಾಲ ಇಡ್ದುಬುಟ್ಟೆ" ಎಂದ. ಯಾರಾದರೂ ನಕ್ಕರೋ ಇಲ್ಲವೋ ಅವನು ತಿರುಗಿ ನೋಡಲಿಲ್ಲ. ಅವನ ಕಣ್ಣೆಲ್ಲ ನಿಲ್ದಾಣದಲ್ಲಿ ನಿಂತಿದ್ದ ಬಿಳಿ ವ್ಯಾನಿನ ಮೇಲಿತ್ತು. ಅದರ ಎಂಜಿನ್ ಆಗಲೇ ಶುರುವಾಗಿತ್ತು.

ಓಡಿದರೆ ಪೆಟ್ಟಿಗೆ ಬೀಳುತ್ತದೆ, ನಡೆದರೆ ವ್ಯಾನು ಹೋಗುತ್ತದೆ. ಎರಡೂ ಕೈಯಲ್ಲಿ ಪೆಟ್ಟಿಗೆ ಹಿಡಿದು ದಾಪುಗಾಲು ಹಾಕುತ್ತ, ಉಸಿರಿದ್ದಷ್ಟೂ ಕೂಗಿದ. ವ್ಯಾನು ಒಂದು ಮಾರು ಮುಂದೆ ಹೋಗಿ ನಿಂತಿತು. ಪರಿಮಳ ಕಿಟಕಿಯ ಪಕ್ಕ ಕೂತಿದ್ದಳು, ಕಾಲ ಬಳಿ ಟ್ರಂಕು.

"ಇಳಿ ಕೂಸು."

ಅವಳು ಪೆಟ್ಟಿಗೆಯನ್ನೂ ಅಪ್ಪನನ್ನೂ ನೋಡಿದಳು. "ಎಲ್ಲಿಗ?"

"ಚಾಮ್ರಾಜನಗರಕ. ನೀನೂ ಬಾ. ನೀನೇ ನೋಡಿ ತಕ್ಕ."

"ನನ್ನ ಮೊಕ ನೋಡುದ್ರ ಬೆಲೆ ಏರ್ತದಲ್ಲ."

"ಏರ್ಲಿ, ಇಳಿ."

ಏಜೆಂಟು ಮುಂದಿನ ಬಾಗಿಲು ತೆಗೆದು ಇಳಿದು ಬಂದ. ಮಾತು ಕೊಟ್ಟ ಮೇಲೆ ಹೀಗೆ ಮಾಡಬಹುದೇ, ನಾನು ಮಿಲ್ಲಿನಲ್ಲಿ ಏನು ಹೇಳಲಿ ಎಂದು ತಮಿಳಿನಲ್ಲಿ ಜೋರು ಮಾಡಿದ. ಚಿಕ್ಕಸಿದ್ದ ತಮಿಳಿನಲ್ಲೇ, ಕೊಟ್ಟ ಮಾತನ್ನು ವಾಪಸು ತೆಗೆದುಕೊಂಡಿದ್ದೇನೆ ಎಂದ. ಚಿಕ್ಕಬಸಮ್ಮ ಸೆರಗು ಬಿಗಿದು ಮುಂದೆ ಬಂದಳು.

"ಅಂಗಾರ ನನ್ನ ಮಾತು ಎಲ್ಲಿಗ ಓಗ್ಬೇಕು?"

"ನನ್ದು ಓದ ತಾವ್ಕೇ ಓಗ್ಲಿ" ಎಂದ ಚಿಕ್ಕಸಿದ್ದ.

ಅವಳು ಅವನನ್ನೇ ನೋಡುತ್ತ ನಿಂತಳು. ಆಮೇಲೆ ವ್ಯಾನಿನೊಳಗೆ ಕೈ ಹಾಕಿ ಟ್ರಂಕನ್ನು ಎಳೆದುಕೊಂಡಳು.

ಚಾಮರಾಜನಗರದ ಬಸ್ಸು ತಾಳವಾಡಿಯ ಮೇಲೆಯೇ ಹೋಗಬೇಕು. ಸ್ಟುಡಿಯೋದ ಮುಂದೆ ಹಾದಾಗ ಪರಿಮಳ ಕಿಟಕಿಯಿಂದ ಬಗ್ಗಿ ನೋಡಿದಳು. ಒಳಗೆ ಸ್ಟೂಲಿನ ಮೇಲೆ ಅಪರಿಚಿತನೊಬ್ಬ ಕೂತು ಶಿವಶಂಕರಪ್ಪನ ಜೊತೆ ಮಾತಾಡುತ್ತಿದ್ದ. ಅವಳು ಮತ್ತೆ ಸೀಟಿಗೆ ಒರಗಿ ಕಣ್ಣು ಮುಚ್ಚಿಕೊಂಡಳು. ಬಸ್ಸು ನಿಂತ ಕಡೆಯಲ್ಲೆಲ್ಲ ಚಿಕ್ಕಸಿದ್ದನಿಗೆ ಡ್ರೈವರನ ಕುತ್ತಿಗೆ ಹಿಡಿಯಬೇಕೆನಿಸುತ್ತಿತ್ತು.

ಚಿಕ್ಕಸಿದ್ದ ಅಂಗಡಿಯ ಮೆಟ್ಟಿಲು ಹತ್ತಿದ. ಆಡಬೇಕಾದ ಮಾತುಗಳನ್ನು ದಾರಿಯಲ್ಲೇ ಜೋಡಿಸಿಕೊಂಡಿದ್ದ. ಅಂಗಡಿಯವನು ಹಂಗಿಸಿದರೆ ತಲೆ ತಗ್ಗಿಸುವುದು, ಅವತ್ತು ಏನೆಂದಿದ್ದಿ ಎಂದು ಕೇಳಿದರೆ ಹೌದು ಅಂದಿದ್ದೆ ಎನ್ನುವುದು, ಬಾಗಿಲಿಂದಾಚೆ ಹಾಕಿದರೆ ಕೈಮುಗಿಯುವುದು. ಗಾಜಿನ ಮೇಲೆ ಪೆಟ್ಟಿಗೆ ಇಟ್ಟು, "ಸ್ವಾಮಿ, ನಂದು ತಪ್ಪಾಗಿ…" ಎಂದು ಶುರು ಮಾಡಿದ.

"ಚೇಂಜಾ? ಬಿಲ್ ಕೊಡಿ" ಎಂದ ಅಂಗಡಿಯವನು, ಇನ್ನೊಬ್ಬರ ಜೊತೆ ಫೋನಿನಲ್ಲಿ ಮಾತಾಡುತ್ತಲೇ. ಬಿಲ್ಲು ನೋಡಿ, ಫೋನ್ ಇಟ್ಟು, ಕಪಾಟು ತೆರೆದ. "ಅವತ್ತು ತೋರಿಸಿದ ಕೋರ್ ಟೂ ಡ್ಯುಯೋ ಖಾಲಿಯಾಯ್ತು. ಅದರ ನಂಬರು 4300, ಅದು ಇನ್ನು ಬರೋದೂ ಇಲ್ಲ. ಈಗ ಬರೋದು 4500 ನಂಬರಿನದು."

ಒಂದು ವಾರ ತುಂಬುವುದರೊಳಗೆ ನಂಬರೇ ಬದಲಾಗಿತ್ತು. ಇದು ಯಾವ ತಳಿ, ಯಾರ ಅಣ್ಣ, ಯಾರ ತಮ್ಮ? ಚಿಕ್ಕಸಿದ್ದ ಎರಡು ಹೆಜ್ಜೆ ಹಿಂದೆ ಸರಿದು ಮಗಳನ್ನು ಮುಂದೆ ಬಿಟ್ಟ. ಪರಿಮಳ ಡಬ್ಬಿಯನ್ನು ತಿರುಗಿಸಿ ತಿರುಗಿಸಿ ಓದಿದಳು. ಇದೇ ಬೋರ್ಡಿಗೆ ಕೂರುತ್ತದೆಯೇ ಎಂದು ಕೇಳಿದಳು. ಕ್ಯಾಶ್ ಎಷ್ಟು ಎಂದು ಕೇಳಿದಳು. ತೆರೆಯ ಮೇಲೆ ಹೆಸರು ಏನೆಂದು ಬರುತ್ತದೆ, ಹಾಕಿ ತೋರಿಸಿ ಎಂದಳು. ಅಂಗಡಿಯವನು ಪೆಟ್ಟಿಗೆ ಬಿಚ್ಚಿ, ಫ್ಯಾನು ತೆಗೆದು, ಬಿಸ್ಕತ್ತಿನಷ್ಟೂ ಅಗಲವಿಲ್ಲದ ಒಂದು ಬಿಲ್ಲೆಯನ್ನು ಎತ್ತಿ ಪಕ್ಕಕ್ಕಿಟ್ಟು, ಅಂಥದೇ ಇನ್ನೊಂದನ್ನು ಅಲ್ಲಿ ಕೂರಿಸಿದ. ತೆರೆ ಬೆಳಗಿತು.

"ಇದೇ ಅಪ್ಪ" ಎಂದಳು ಪರಿಮಳ.

ಮೇಲೆ ಸ್ವಲ್ಪ ಕೊಡಬೇಕಾಯಿತು, ಕೊಟ್ಟರು. ಚಿಕ್ಕಸಿದ್ದ ಇನ್ನೂ ನಿಂತೇ ಇದ್ದ.

"ಅಷ್ಟೇನಾ?" ಎಂದು ಕೇಳಿದ.

"ಅಷ್ಟೇ ಯಜಮಾನ್ರೆ. ದಿನಾ ಒಬ್ಬಿಬ್ಬರು ಬರ್ತಾನೇ ಇರ್ತಾರೆ. ಈ ಹೆಸರುಗಳಲ್ಲಿ ನಮಗೇ ತಲೆ ಕೆಡುತ್ತೆ" ಎಂದು ಅಂಗಡಿಯವನು ಮುಂದಿನ ಗಿರಾಕಿಯ ಕಡೆ ತಿರುಗಿದ. ಚಿಕ್ಕಸಿದ್ದ ಅವತ್ತು ಆಡಿದ ಮಾತು ಅವನಿಗೆ ನೆನಪೇ ಇರಲಿಲ್ಲ.

ಸ್ಟುಡಿಯೋಕ್ಕೆ ಬಂದಾಗ ಊಟದ ಹೊತ್ತು ಮೀರುತ್ತಿತ್ತು. ಸ್ಟೂಲಿನ ಮೇಲೆ ಆ ಅಪರಿಚಿತ ಇರಲಿಲ್ಲ. ಶಿವಶಂಕರಪ್ಪ ಇವರನ್ನು ನೋಡಿ ಕೈ ಚೆಲ್ಲಿದ.

"ಈಗ ಬಂದ್ರ? ಅವನ್ಗ ಮಾತಾಡ್ಬುಟ್ಟೀನಿ. ಊಟಕ ಓಗವ್ನ."

"ಬುಧ್ವಾರದೊಳಗ ಅಂದಿದ್ರಿ ಬುದ್ದಿ. ಬುಧ್ವಾರ ಇನ್ನೂ ಮುಗ್ದಿಲ್ಲ" ಎಂದ ಚಿಕ್ಕಸಿದ್ದ. "ಆಡುದ್ ಮಾತ ವಾಪಸ್ ತಕ್ಕಳದು ತಪ್ಪೇನಲ್ಲ. ನಾನು ಈಗ ತಾನೇ ತಕ್ಕಂಡ್ ಬಂದೆ."

ಪರಿಮಳ ಯಾರ ಅಪ್ಪಣೆಗೂ ಕಾಯದೆ ವೈರು ಜೋಡಿಸಿದಳು. ಶಿವಶಂಕರಪ್ಪ ಬಗ್ಗಿ ಓದಿದ, ಕನ್ನಡಕ ಒರೆಸಿಕೊಂಡು ಇನ್ನೊಮ್ಮೆ ಓದಿದ. ಹಿಂದಿನ ಕೋಣೆಗೆ ಹೋಗಿ ಒಂದು ಮದುವೆಯ ಫೋಟೋಗಳ ಸಿ.ಡಿ. ತಂದು ಅವಳ ಕೈಗೆ ಕೊಟ್ಟ. ಅವಳು ಕೂತು ಒಂದೊಂದೇ ಪುಟ ತೆರೆಯತೊಡಗಿದಳು, ಪುಟಗಳು ತಡವರಿಸದೆ ತೆರೆದವು. ಊಟ ಮುಗಿಸಿ ಬಂದವನನ್ನು ಶಿವಶಂಕರಪ್ಪ ಬಾಗಿಲಲ್ಲೇ ತಡೆದು, ಹೆಗಲ ಮೇಲೆ ಕೈ ಹಾಕಿ, ಸಮಾಧಾನದ ಮಾತಾಡುತ್ತ ಬಸ್ ನಿಲ್ದಾಣದ ಕಡೆ ಕರೆದುಕೊಂಡು ಹೋದ.

ಸಂಜೆಯ ಬಸ್ಸಿನಲ್ಲಿ ಅಪ್ಪ, ಮಗಳು ಪಕ್ಕ ಪಕ್ಕ ಕೂತರು. ಕೆಲಸ ಗಟ್ಟಿಯಾಗಿತ್ತು, ನಾಳೆ ಬೆಳಿಗ್ಗೆ ಬರಬೇಕೆಂದು ಹೇಳಿದ್ದರು. ಚಿಕ್ಕಸಿದ್ದ ಮಗಳ ಮುಖದಲ್ಲಿ ಸಂತೋಷ ಹುಡುಕಿದ. ಅವಳು ಹೊರಗೆ ನೋಡುತ್ತಿದ್ದಳು.

"ಅಂಗಡಿಯಂವ ನಿನ್ಗ ಯಾನಾರ ಅಂದ್ನಾ ಅಪ್ಪ?"

"ಯಾನೂ ಅನ್ನಿಲ್ಲ. ಒಂದ್ ಮಾತೂ ಅನ್ನಿಲ್ಲ ಕನವ್ವ."

"ಅಂಗಾರ ಭಾನ್ವಾರವೇ ಓಗ್ಬೋದಿತ್ತು."

"ಓಗ್ಬೋದಿತ್ತು."

ಬಸ್ಸು ಒಂದು ತಿರುವು ದಾಟಿತು. "ವ್ಯಾನ್‌ನಲ್ಲಿ ಕೂತಾಗ ನೀನು ಬರಾಕಿಲ್ಲ ಅನ್ಕಂಡಿದ್ದೆ. ಪೆಟ್ಗೆ ಮನೇಲೇ ಇರ್ತದ, ನಾನು ಓಯ್ತೀನಿ ಅನ್ಕಂಡಿದ್ದೆ" ಎಂದಳು ಪರಿಮಳ. ಬೆಳಿಗ್ಗೆಯಿಂದ ಅಳದಿದ್ದವಳು ಈಗ ದುಪ್ಪಟ್ಟಾದ ತುದಿಯನ್ನು ಬಾಯಿಗೆ ಒತ್ತಿಕೊಂಡು ಅತ್ತಳು. ಸದ್ದು ಬರದಂತೆ ಅಳುವುದು ಅವಳಿಗೆ ಯಾವಾಗ ರೂಢಿಯಾಯಿತೋ ಚಿಕ್ಕಸಿದ್ದನಿಗೆ ತಿಳಿಯದು.

ಸಂತೆಯಲ್ಲಿ ಯಾರ ಮುಂದೆಯೂ ಆಡದ ಮಾತು ಅವನ ಬಾಯಿಗೆ ಬಂತು. ಅದು ಅಂಗಡಿಯವನಿಗೆ ಹೇಳಬೇಕೆಂದು ಬೆಳಿಗ್ಗೆ ಜೋಡಿಸಿಕೊಂಡ ಮಾತೇ, ಆದರೆ ಕೇಳಬೇಕಾದವಳು ಇವಳಾಗಿದ್ದಳು.

"ನಂದು ತಪ್ಪಾಯ್ತು ಕನವ್ವ" ಎಂದ.

ಅವಳು ದುಪ್ಪಟ್ಟಾದ ತುದಿಯಲ್ಲಿ ಮುಖ ಒರೆಸಿಕೊಂಡಳು. ಕಂಡಕ್ಟರ್ ಬಂದು ನಿಂತ. ಚಿಕ್ಕಸಿದ್ದ ಸೊಂಟದ ಗಂಟು ಬಿಚ್ಚಿ, ತಿಗನಾರೆಗೆ ಎರಡು ಎಂದ.